ಮರದ ಬುಡಕ್ಕೆ ಹೋದ ಡಬ್ಬಿಗಳು

ಆ ಹಿಟ್ಟಿನ ಗಿರಣಿಯಲ್ಲಿ ಸರದಿ ನಿಲ್ಲುತ್ತಿದ್ದದ್ದು ಜನರಲ್ಲ, ಡಬ್ಬಿಗಳು. ಧಾನ್ಯದ ಡಬ್ಬಿಯನ್ನು ಸಾಲಿನಲ್ಲಿಟ್ಟು ಜನ ತಮ್ಮ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಆ ಬೆಳಿಗ್ಗೆ ಮಾತ್ರ, ಗಿರಣಿಯಮ್ಮನ ಅಳಿಯ ಸಾಮಾನಿನ ಚೀಲ ಹೆಗಲಿಗೇರಿಸಿ ಬರುವುದು ಕಂಡದ್ದೇ ತಡ, ಡಬ್ಬಿಗಳೆಲ್ಲ ರಸ್ತೆಯಾಚೆಯ ಮರದ ಬುಡಕ್ಕೆ ಹೋಗಿ ಅದೇ ಸರದಿಯಲ್ಲಿ ಕೂತವು.

ಅಳಿಯ ವೈರ್‌ಮನ್. ಹೋದ ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ, ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್ ಪೆಟ್ಟಿಗೆಗೆ ತಂತಿ ಕೊಡುವಾಗ, ಕರೆಂಟಿನ ತಂತಿಗಳನ್ನು ಮೋಟಾರಿನ ಬದಿಗೆ ಬಿಗಿದಿದ್ದ. ಪೆಟ್ಟಿಗೆ ಸಿಡಿದ ಸದ್ದೇ ಅವನ ಹೆಸರಾಯಿತು: ಢಮಾರ್. ಈಗ ಅತ್ತೆಯ ಗಿರಣಿಗೂ ಅಂಥದೇ ಪೆಟ್ಟಿಗೆ ಬಂದಿತ್ತು. ಇದೂ ಸಿಡಿದರೆ ಆ ಹೆಸರು ಸಾಯುವ ತನಕ ಬೆನ್ನು ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮೇನ್ ಸ್ವಿಚ್ಚು ಆರಿಸಿ, ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದ. ಕರೆಂಟಿಲ್ಲವೆಂದು ಮೀಟರು ಹಚ್ಚಿ ನೋಡಿದ. ಅರ್ಥಿಂಗಿನ ಹಸಿರು ತಂತಿಯನ್ನು ಮೊದಲು ಬಿಗಿದ. ಆಮೇಲೆ ಸೀಮೆಸುಣ್ಣ ತೆಗೆದು ಪೆಟ್ಟಿಗೆಯ ಒಂದು ಬದಿಗೆ ‘ಬರೋದು’, ಇನ್ನೊಂದು ಬದಿಗೆ ‘ಹೋಗೋದು’ ಎಂದು ದಪ್ಪಗೆ ಬರೆದ.

“ಏನಿದು ಅಳಿಯಂದ್ರೇ?” ಅತ್ತೆ ಬಗ್ಗಿ ನೋಡಿದಳು.

“ಈ ಕಡೆ ಕರೆಂಟು ಬರೋದು, ಆ ಕಡೆ ಮೋಟಾರಿಗೆ ಹೋಗೋದು. ಅದಲುಬದಲಾದ್ರೆ ಕೆಟ್ಟೆವು.”

“ನಮ್ಮನೆ ಬಾಗಿಲಿಗೂ ಬರೀಬೇಕಿತ್ತು. ನಿಮಗೆ ಬರೋದು ಗೊತ್ತು, ಹೋಗೋದು ಗೊತ್ತಿಲ್ಲ.”

ಅಳಿಯ ತಂತಿಗಳನ್ನು ಕೂಡಿಸಿ ತಿರುಪು ಬಿಗಿದ. ಒಂದೊಂದು ತಂತಿಯನ್ನೂ ಎಳೆದು ನೋಡಿದ. ಬೀಸುವ ಕಲ್ಲು ತಿರುಗದಂತೆ ಬೆಲ್ಟು ಕಳಚಿಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿ, ಬೀಗ ತೆಗೆದು ಸ್ವಿಚ್ಚೊತ್ತಿದ. ಮರದ ಕೆಳಗೆ ತಮಾಷೆ ನೋಡಲು ಸೇರಿದ್ದ ಇಪ್ಪತ್ತು ಜನ ಕಿವಿ ಮುಚ್ಚಿಕೊಂಡರು.

ಏನೂ ಸಿಡಿಯಲಿಲ್ಲ. ಮೋಟಾರು ತಿರುಗಿತು, ಆದರೆ ಉಲ್ಟಾ.

“ಹೋಗೋ ಕಡೆ ಎರಡು ತಂತಿ ಅದಲುಬದಲು ಮಾಡಿದ್ರೆ ಸರಿಹೋಗುತ್ತೆ,” ಎಂದವನು ಮತ್ತೆ ಆರಿಸಿ, ಬೀಗ ಜಡಿದು, ಗೋಣಿಚೀಲದ ಮೇಲೆ ಕೂತುಬಿಟ್ಟ.

“ಕೂತ್ರಲ್ಲ?”

“ಹತ್ತು ನಿಮಿಷ ಕಾಯ್ಬೇಕು ಅತ್ತೆ. ಆರಿಸಿದ್ರೂ ಪೆಟ್ಟಿಗೆ ಹೊಟ್ಟೇಲಿ ಕರೆಂಟು ಉಳಿದಿರುತ್ತೆ. ಇಳಿಯೋಕೆ ಬಿಡ್ಬೇಕು.”

“ನನ್ನ ಸಿಟ್ಟಿನ ಹಾಗೆ ಅನ್ನಿ.”

“ಪೆಟ್ಟಿಗೆ ಜೊತೆ ಪುಸ್ತಕ ಕೊಟ್ಟಿದ್ದಾರೆ, ಅದ್ರಲ್ಲಿ ಹತ್ತು ನಿಮಿಷ ಅಂತಿದೆ. ನಿಮ್ಮ ಜೊತೆ ಪುಸ್ತಕ ಕೊಡ್ಲಿಲ್ಲ.”

ಮರದ ಕೆಳಗಿದ್ದ ನಿವೃತ್ತ ಮೇಷ್ಟ್ರು ಹೊತ್ತು ನೋಡುವ ಹೊಣೆ ಹೊತ್ತು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಎಷ್ಟಾಯಿತೆಂದು ಅತ್ತೆ ಕೇಳಿದಾಗ “ನಾಲ್ಕು ನಿಮಿಷ” ಎಂದರು. ಅವಳು ಗಿರಣಿ ಗುಡಿಸಿ ಬಂದು ಕೇಳಿದಾಗಲೂ “ನಾಲ್ಕು” ಎಂದರು. ಆಮೇಲೆ ಕೈಗಡಿಯಾರವನ್ನು ಕಿವಿಗೆ ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು, “ನಿಂತ್ಹೋಗಿದೆ,” ಎಂದರು.

“ಸಾಕು, ಬಿಚ್ಚಿ. ಹತ್ತಲ್ಲ, ಇಪ್ಪತ್ತಾಗಿದೆ,” ಎಂದಳು ಅತ್ತೆ.

ಅಳಿಯನ ಕೈ ತಿರುಪುಳಿಯ ಕಡೆ ಹೋಯಿತು. ಮರದ ಕಡೆ ನೋಡಿದ. ಕೈ ಹಿಂದಕ್ಕೆ ಬಂತು.

“ಇಪ್ಪತ್ತೋ ಐದೋ ಯಾರು ಕಂಡ್ರು? ಮೊದ್ಲಿಂದ. ಮೇಷ್ಟ್ರೇ, ಸೆಕೆಂಡಿಗೊಂದರಂತೆ ಆರ್ನೂರರ ತನಕ ಎಣಿಸಿ. ನಿಧಾನಕ್ಕೆ.”

ಮೇಷ್ಟ್ರಿಗೆ ತರಗತಿ ಸಿಕ್ಕಿದಂತಾಯಿತು. ಒಂದು, ಎರಡು ಎಂದು ರಾಗವಾಗಿ ಶುರುಮಾಡಿದರು. ಅವರಲ್ಲಿ ಮಗ್ಗಿ ಕಲಿತಿದ್ದ ಊರು ಸುಮ್ಮನಿದ್ದೀತೇ? ಐವತ್ತಕ್ಕೆ ಮರದ ಬುಡದಿಂದ ದನಿ ಕೂಡಿಕೊಂಡಿತು. ಇನ್ನೂರಕ್ಕೆ ಸರದಿಯಲ್ಲಿ ಮುಂದಿದ್ದವರು, ತಾಳ ತಪ್ಪದಂತೆ, ಡಬ್ಬಿ ಹಿಡಿದು ರಸ್ತೆ ದಾಟಿದರು. ನಾನೂರಕ್ಕೆ ಬಾಗಿಲು ತುಂಬಿತು. ಆರ್ನೂರು ಎಂದಾಗ ಇಡೀ ಸಾಲು ಗಿರಣಿಯೊಳಗಿತ್ತು. ಕಿವಿ ಮುಚ್ಚಿಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ.

ಅಳಿಯ ಮೀಟರು ಹಚ್ಚಿ ನೋಡಿ, ಎರಡು ತಂತಿ ಬದಲಿಸಿ, ಮುಚ್ಚಳ ಹಾಕಿ ಮೋಟಾರು ಬಿಟ್ಟು ನೋಡಿದ. ಈ ಸಲ ನೆಟ್ಟಗೆ ತಿರುಗಿತು. ಮತ್ತೆ ಆರಿಸಿ, ಬೀಗ ಜಡಿದು, ಬೆಲ್ಟು ಏರಿಸಿ, ಕೊನೆಗೆ ಸ್ವಿಚ್ಚೊತ್ತಿದ. ಬೀಸುವ ಕಲ್ಲು ನಿದ್ದೆಯಿಂದೇಳುವ ಎಮ್ಮೆಯ ಹಾಗೆ ಮೆಲ್ಲಗೆ ಕದಲಿತು.

“ಆರ್ನೂರೂ, ನನ್ನ ಡಬ್ಬಿ ಮೊದ್ಲು,” ಎಂದು ಯಾರೋ ಕೂಗಿದರು. ಓಗೊಟ್ಟ ಮೇಲೇ ಅಳಿಯನಿಗೆ ತಾನು ಯಾವ ಹೆಸರಿಗೆ ಓಗೊಟ್ಟೆನೆಂದು ಹೊಳೆದದ್ದು.

ಮಧ್ಯಾಹ್ನ ಅತ್ತೆ ಕೈಯ ಹಿಟ್ಟು ಕೊಡವುತ್ತಾ ಕೇಳಿದಳು: “ಊಟಕ್ಕೆ ಬರ್ತೀರೋ, ಇಲ್ಲ ಎಣಿಸ್ಬೇಕೋ?”