ಕೆಟ್ಟರೆ ಯಾರನ್ನ ಕೇಳೋದು?

ಅತ್ತಿಗೆಯದು ಕುಡಿಯುವ ನೀರು ಪರೀಕ್ಷಿಸುವ ಪುಟ್ಟ ಲ್ಯಾಬು. ಒಂದು ಬೆಳಿಗ್ಗೆ ಅಲ್ಲಿನ ಕಂಪ್ಯೂಟರು ಏಳಲೇ ಇಲ್ಲ. ಚಕ್ರ ತಿರುಗಿ ತಿರುಗಿ ಪರದೆ ಕಪ್ಪಾಯಿತು. ಅದನ್ನು ನಡೆಸುವ ಸಿಸ್ಟಮ್ಮು ಹಳೆಯದು. ಮಾಡಿದ ಕಂಪನಿಯೇ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು.

ಅಂದೇ ಶಾಲೆಯ ತೊಟ್ಟಿ ನೀರಿನ ವರದಿ ಕೊಡಬೇಕಿತ್ತು. ಮಕ್ಕಳಿಗೆ ಹೊಟ್ಟೆನೋವು ಬಂದಿದ್ದರಿಂದ ತೊಟ್ಟಿ ತೊಳೆಸಿ, ನಲ್ಲಿಗಳಿಗೆಲ್ಲ ಬಟ್ಟೆ ಕಟ್ಟಿ ಕಾಯುತ್ತಿದ್ದರು. ಹೆಡ್‌ಮೇಡಂ ಫೋನ್ ಮಾಡಿದಾಗ ಅತ್ತಿಗೆ ಸ್ವಲ್ಪ ಹೊತ್ತು ಕೇಳಿಕೊಂಡರು. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿತ್ತು.

ಅಂತರ್ಜಲದ ಮೇಲೆ ಸಂಶೋಧನೆ ಮಾಡುತ್ತಿದ್ದ ಅವರ ನಾದಿನಿ ಸುದ್ದಿ ತಿಳಿದು ಓಡಿ ಬಂದಳು. ಕೈಯಲ್ಲೊಂದು ಪೆನ್‌ಡ್ರೈವ್.

"ಅಯ್ಯೋ, ಇರೋದನ್ನೂ ಅಳಿಸಿಬಿಟ್ಟೀಯ!"

"ಒಳಗಿನ ಡಿಸ್ಕಲ್ಲಿ ಏನೂ ಬರೆಯಲ್ಲ ಅತ್ತಿಗೆ. ಇದರಲ್ಲೇ ಬೇರೆ ಸಿಸ್ಟಮ್ ಇದೆ. ಇದರಿಂದ ಶುರು ಮಾಡಿ ಒಳಗೆ ಇಣುಕಿ ನೋಡ್ತೀನಿ, ಅಷ್ಟೇ."

ಪರದೆ ಬೆಳಗಿತು. ಫೈಲುಗಳೆಲ್ಲ ಇದ್ದ ಹಾಗೇ ಇದ್ದವು! ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ಶಾಲೆಯ ಫಲಿತಾಂಶ ಹುಡುಕಿ, ಎರಡೆರಡು ಸಲ ಓದಿ, ಫೋನ್ ಎತ್ತಿದರು.

"ಮೇಡಂ, ನೀರು ಚೆನ್ನಾಗಿದೆ. ನಲ್ಲಿಗಳ ಬಟ್ಟೆ ಬಿಚ್ಚಿ."

ಆ ಕಡೆಯಿಂದ ನೆಮ್ಮದಿಯ ನಿಟ್ಟುಸಿರು ಕೇಳಿಸಿತು. ಅತ್ತಿಗೆ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡರು.

"ಇದು ಯಾವ ಕಂಪನೀದೇ?"

"ಯಾರೊಬ್ಬರದೂ ಅಲ್ಲ. ಲಿನಕ್ಸ್ ಅಂತಾರಲ್ಲ, ಆ ಬಳಗದ್ದು. ಹೇಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು. ದುಡ್ಡೂ ಕೊಡಬೇಕಿಲ್ಲ. ನಮ್ಮ ಸಂಶೋಧನೆ ಕೆಲಸವೂ ಇದರಲ್ಲೇ ನಡೆಯೋದು. ನೀವೂ ಹಾಕಿಸ್ಕೊಳ್ಳಿ."

"ಪುಕ್ಕಟೆ ಸಾಮಾನು ಕಣೇ. ಕೆಟ್ಟರೆ ಯಾರನ್ನ ಕೇಳೋದು?"

"ಇವತ್ತು ಯಾರನ್ನ ಕೇಳಿದ್ರಿ?"

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ನಾದಿನೀನ! ಸರಿ, ನೋಡೇಬಿಡೋಣ."

ಮೊದಲು ಎಲ್ಲ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದರು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿದಾಗ ಪರೀಕ್ಷೆಯ ಯಂತ್ರ ಹೊಂದಿಕೊಂಡಿತು. ಬಾಟಲಿಗೆ ಅಂಟಿಸುವ ಲೇಬಲ್ ಪ್ರಿಂಟರ್ ಮಾತ್ರ ಸುಮ್ಮನೆ ಕೂತಿತು.

"ನೋಡಿದ್ಯಾ? ನಾನು ಹೇಳಲಿಲ್ವಾ?"

"ಇಂಟರ್‌ನೆಟ್ಟಲ್ಲಿ ಇದನ್ನ ಬಳಸೋರ ವೇದಿಕೆ ಇದೆ. ನೀವೇ ಕೇಳಿ."

ಅತ್ತಿಗೆ ಅರೆಮನಸ್ಸಿನಿಂದ ಪ್ರಶ್ನೆ ಬರೆದರು. ಊಟ ಮುಗಿಸಿ ಬರುವಷ್ಟರಲ್ಲಿ ಗುರುತು ಪರಿಚಯವಿಲ್ಲದ ಬೇಕರಿಯವರೊಬ್ಬರ ಉತ್ತರ ಬಂದಿತ್ತು: "ನಮ್ಮ ಹತ್ರಾನೂ ಇದೇ ಪ್ರಿಂಟರ್ ಇದೆ. ಹೀಗೆ ಮಾಡಿ." ಹಾಗೇ ಮಾಡಿದರು. ಕರ್ರ್ ಎನ್ನುತ್ತಾ ಲೇಬಲ್ ಹೊರಬಂತು!

"ಯಾವಾಗಲೂ ಇಷ್ಟು ಬೇಗ ಉತ್ತರ ಬರಲ್ಲ ಅತ್ತಿಗೆ," ನಾದಿನಿ ಎಚ್ಚರಿಸಿದಳು. "ತುರ್ತಿಗೆ ಹಣ ಕೊಟ್ಟು ರಿಪೇರಿ ಮಾಡಿಸೋ ದಾರಿಯೂ ಇದೆ."

ಲ್ಯಾಬಿನ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ಅತ್ತಿಗೆಯ ಗಂಡನ ತಂತ್ರಾಂಶ ಇದಕ್ಕೆ ಒಗ್ಗಲಿಲ್ಲ. "ನನ್ನ ಕಂಪ್ಯೂಟರಿನ ತಂಟೆಗೆ ಬರಬೇಡ್ರಮ್ಮ," ಎಂದ. ಅದಕ್ಕೆ ಅಪ್‌ಡೇಟ್ ಇನ್ನೂ ಬರುತ್ತಿತ್ತು, ಸದ್ಯಕ್ಕೆ ಬಿಟ್ಟರು. ಲ್ಯಾಬಿನ ಕಂಪ್ಯೂಟರಿಗೆ, ಬಹಳ ವರ್ಷ ಅಪ್‌ಡೇಟ್ ಸಿಗುವ ಲಿನಕ್ಸ್ ಆವೃತ್ತಿಯನ್ನೇ ಆರಿಸಿ ಹಾಕಿದರು. ಸಂಜೆ ಅತ್ತಿಗೆ ಹಗುರ ಮನಸ್ಸಿನಿಂದ ಬಾಗಿಲು ಹಾಕಿಕೊಂಡು ಮನೆಗೆ ಹೋದರು.

ನಿಮ್ಮ ಅಂಗಡಿಯ, ಕಚೇರಿಯ, ಲ್ಯಾಬಿನ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತಿದೆಯೇ? ಇವತ್ತೇ ನೋಡಿ. ಇಲ್ಲವಾದರೆ ಕೆಡುವ ತನಕ ಕಾಯಬೇಡಿ. ಫೈಲುಗಳ ನಕಲು ತೆಗೆದಿಟ್ಟು, ನಾಲ್ಕು ಜನ ಸೇರಿ ಕಾಪಾಡುವ ಇಂಥ ಸಿಸ್ಟಮ್ಮನ್ನು ಪೆನ್‌ಡ್ರೈವಿನಿಂದ ಒಮ್ಮೆ ನಡೆಸಿ ನೋಡಿ. ನಿಮ್ಮ ಕೆಲಸಕ್ಕೆ ಒಗ್ಗಿದರೆ ಹಾಕಿಸಿಕೊಳ್ಳಿ. ತಿಳಿಯದಿದ್ದರೆ ಸಂಕೋಚ ಬಿಟ್ಟು ಕೇಳಿ. ತಿಳಿದ ಮೇಲೆ, ಕೇಳಿಕೊಂಡು ಬಂದವರಿಗೆ ನೀವೂ ಹೇಳಿಕೊಡಿ.