ಮೊಲ ಕಚ್ಚಿತು ಅನ್ನುವ ಮುನ್ನ

ನವರಾತ್ರಿಯ ನಡುವಿನ ಒಂದು ಸಂಜೆ, ಸ್ವೀಡನ್ನಿನ ಸುಂಡ್‌ಬೀಬರ್ಯ್‌ ಊರಿನ ಬಾಡಿಗೆ ಫ್ಲಾಟೊಂದರಲ್ಲಿ, ರಾಜಶೇಖರ ತನ್ನ ಮನೆಯ ಮೊಲಕ್ಕೆ ಚಪ್ಪಲಿಯಿಂದ ಹೊಡೆದ.

ಮೊಲದ ಹೆಸರು ರಾಗಿ. ಕಂದು ಬಣ್ಣದ ಹೆಣ್ಣು ಮೊಲ. ಬೇಸಿಗೆ ಶುರುವಾಗುವಾಗ, ಮಗಳು ಇಂಚರಾಳ ಹಟಕ್ಕೆ ಮನೆಗೆ ತಂದದ್ದು. ಆಗ ಅಂಗೈಯಲ್ಲಿ ಕೂರುತ್ತಿತ್ತು. ಹಾಲ್‌ನ ಕಿಟಕಿಯ ಪಕ್ಕದ ಬೆಚ್ಚನೆಯ ಮೂಲೆ ಅದರದಾಯಿತು. ಅಲ್ಲೇ ಪಂಜರ, ಅಲ್ಲೇ ಹುಲ್ಲು, ಅಲ್ಲೇ ನಿದ್ದೆ.

ಹಬ್ಬ ಬಂತು. ಗೊಂಬೆ ಕೂರಿಸಲು ಅದೇ ಮೂಲೆ ಬೇಕಾಯಿತು. ರಾಜಶೇಖರನ ಹೆಂಡತಿ ವೈದೇಹಿ ಅಲ್ಲಿ ಮೆಟ್ಟಿಲು ಜೋಡಿಸಿ, ರೇಷ್ಮೆ ಬಟ್ಟೆ ಹಾಸಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿದಳು. ರಾಗಿಯ ಪಂಜರ ಮುಂಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಹೋಯಿತು. ಗೊಂಬೆ ನೋಡಲು ಬಂದವರೆಲ್ಲ ಬೂಟು ಬಿಚ್ಚುತ್ತಾ ಒಂದೊಂದು ಸಲ ಅದರೊಳಗೆ ಕೈ ಹಾಕಿದರು. ಯಾರೂ ರಾಗಿಯನ್ನು ಕೇಳಲಿಲ್ಲ. ಮುದ್ದಾಗಿದೆಯಲ್ಲ, ಕೇಳುವುದೇನು!

ಆ ಸಂಜೆ ಯಾರೋ ನೆಂಟರು, ಗೊಂಬೆಗಳ ಮುಂದೆ ಮೊಲ ಕೂರಿಸಿ ಫೋಟೊ ತೆಗೆಯೋಣ ಅಂದರು. ರಾಜಶೇಖರ ಮೇಲಿನಿಂದ ಕೈ ಹಾಕಿ ಹಿಡಿಯಲು ಹೋದ. ರಾಗಿ ಹಿಂಗಾಲು ಬಡಿದು, ಗುರ್ ಅಂದು, ಎಗರಿ ಕಚ್ಚಿತು. ಚಪ್ಪಲಿ ಪಕ್ಕದಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಮೇಲಿನ ಮನೆಯ ಕಾಂಚನಾ ಅರಿಶಿನ ಕುಂಕುಮಕ್ಕೆ ಬಂದಳು. ಅವಳ ಮನೆಯಲ್ಲೂ ಎರಡು ಮೊಲಗಳಿವೆ. ಲೈಬ್ರರಿಯಲ್ಲಿ ಮೊಲ ಸಾಕುವವರು ಕೂಡಿ ಓದಿ ಮಾತಾಡುವ ಬಳಗಕ್ಕೆ ಅವಳು ತಪ್ಪದೆ ಹೋಗುತ್ತಾಳೆ.

"ಆ ಕಡೆ ಹೋಗ್ಬೇಡಿ ಕಾಂಚನಾ," ಅಂದ ರಾಜಶೇಖರ, ಬೆರಳಿಗೆ ಬ್ಯಾಂಡೇಜ್ ಸುತ್ತುತ್ತಾ. "ಅದಕ್ಕೆ ಹುಚ್ಚು ಹಿಡಿದಿದೆ. ರೇಬೀಸ್ ಇರಬಹುದು. ನಾಳೆ ಕಾರಲ್ಲಿ ಹಾಕ್ಕೊಂಡು ಹೋಗಿ ಕಾಡಿಗೆ ಬಿಟ್ಟು ಬರ್ತೀನಿ. ಕಾಡಿನ ಪ್ರಾಣಿ ತಾನೆ?"

"ಇದು ಯಾವತ್ತು ರೀ ಕಾಡು ನೋಡಿದೆ? ಒಂದು ರಾತ್ರಿ ಸಾಕು, ನರಿ ಬಾಯಿಗೆ ಹೋಗತ್ತೆ. ಅದೂ ಅಲ್ದೆ ಸಾಕಿದ ಪ್ರಾಣೀನ ಹಾಗೆ ಬಿಟ್ಟು ಬರೋದು ಈ ದೇಶದ ಕಾನೂನಿಗೆ ವಿರುದ್ಧ. ರೇಬೀಸ್ ಈ ದೇಶದಲ್ಲೇ ಇಲ್ಲ, ಇದಕ್ಕೆ ಎಲ್ಲಿಂದ ಬರತ್ತೆ? ಗಾಯ ಸೋಪು ಹಾಕಿ ಚೆನ್ನಾಗಿ ತೊಳೀರಿ. ಊದಿಕೊಂಡ್ರೆ ಡಾಕ್ಟರಿಗೆ ತೋರಿಸಿ."

"ಹಾಗಾದ್ರೆ ಯಾಕೆ ಕಚ್ಚಿತು? ಹೋದ ತಿಂಗಳು ಇಂಚರಾ ಮಡಿಲಲ್ಲಿ ಮಲಗಿತ್ತು!"

ಕಾಂಚನಾ ಪಂಜರದ ಮುಂದೆ ನೆಲದ ಮೇಲೆ ಕೂತಳು. ಕೈ ಹಾಕಲಿಲ್ಲ. ರಾಗಿಯ ಎದೆ ಕೂದಲಿಲ್ಲದೆ ಬೋಳಾಗಿತ್ತು.

"ವೈದೇಹಿ, ಇವಳು ತನ್ನ ಕೂದಲು ತಾನೇ ಕಿತ್ಕೊಂಡಳಾ?"

"ಹೂಂ ಕಣೆ. ಹುಲ್ಲಿನ ಜೊತೆ ಸೇರಿಸಿ ಒಂದು ಗುಡ್ಡೆ ಮಾಡಿದ್ಲು. ಹಬ್ಬದ ಮನೆ, ಗಲೀಜು ಅಂತ ಗುಡಿಸಿ ಹಾಕಿದೆ. ಮತ್ತೆ ಮಾಡಿದ್ಲು. ಮತ್ತೆ ಗುಡಿಸಿದೆ."

"ಅದು ಗಲೀಜಲ್ಲ. ಮರಿಗಳಿಗೆ ಅಂತ ಕಟ್ಟಿದ ಗೂಡು."

"ಮರಿ? ಒಂಟಿ ಮೊಲ ಇದು!"

"ಗರ್ಭ ನಿಲ್ಲದೇ ಇದ್ರೂ ಮೈ ಹಾಗೆ ನಂಬಿಬಿಡತ್ತೆ. ಸುಳ್ಳು ಬಸುರು ಅಂತಾರೆ. ನಾಲ್ಕಾರು ತಿಂಗಳಿಗೆ ಮೊಲ ದೊಡ್ಡದಾಗತ್ತೆ, ತನ್ನ ಜಾಗ ತಾನು ಕಾಯೋಕೆ ಶುರು ಮಾಡತ್ತೆ. ನೀವು ಜಾಗ ಕಿತ್ಕೊಂಡ್ರಿ, ಗೂಡು ಗುಡಿಸಿದ್ರಿ, ಸಿಕ್ಕಿದವರ ಕೈಯೆಲ್ಲ ಒಳಗೆ ಬಿಟ್ರಿ. ಮೇಲಿಂದ ಬರೋ ಕೈ ಅದಕ್ಕೆ ಹದ್ದು ಬಂದ ಹಾಗೆ. ಕಚ್ಚದೆ ಇನ್ನೇನು, ಆರತಿ ಎತ್ತಬೇಕಿತ್ತಾ?"

ಇಂಚರಾ ಸ್ವೀಡಿಷ್‌ನಲ್ಲಿ, "ಅವಳಿಗೆ ಹೆದರಿಕೆ ಆಗಿದೆ, ನಾನು ಆವಾಗಲೇ ಹೇಳಿದೆ," ಅಂದಳು.

"ಈಗೇನು ಮಾಡೋದು?" ವೈದೇಹಿಯ ದನಿ ಕುಗ್ಗಿತ್ತು.

"ಅವಳ ಮೂಲೆ ಅವಳಿಗೆ ವಾಪಸ್ ಕೊಡಿ. ಇವತ್ತೇ."

"ಗೊಂಬೆ? ಕೂರಿಸಿದ ಮೇಲೆ ದಶಮಿವರೆಗೂ ಕದಲಿಸೋ ಹಾಗಿಲ್ಲ ಕಣೆ!"

"ಮರದ ಗೊಂಬೆ ಕದಲಿಸಬಾರದು. ಜೀವ ಇರೋದನ್ನ ಮಾತ್ರ ಎಲ್ಲಿಗೆ ಬೇಕಾದ್ರೂ ಎತ್ತಿ ಹಾಕಬಹುದು. ಅಷ್ಟೇ ತಾನೆ?"

ವೈದೇಹಿ ಎದ್ದಳು. ಗೊಂಬೆಗಳಿಗೆ ಕೈಮುಗಿದು, ಒಂದೊಂದನ್ನೇ ಎತ್ತಿ ಪುಸ್ತಕದ ಕಪಾಟಿನಲ್ಲಿ ಇಡತೊಡಗಿದಳು.

ಮರುದಿನ ಪಶುವೈದ್ಯೆ ರಾಗಿಯ ಹಲ್ಲು, ಕಾಲು, ಹೊಟ್ಟೆ ಎಲ್ಲ ನೋಡಿದರು. ನೋವಿದ್ದಾಗಲೂ ಮೊಲ ಇದ್ದಕ್ಕಿದ್ದಂತೆ ಕಚ್ಚುತ್ತದೆ, ಅದಕ್ಕೇ ಮೊದಲು ತೋರಿಸಬೇಕು ಅಂದರು. ಕಾಂಚನಾ ಊಹಿಸಿದ್ದೇ ನಿಜವಾಗಿತ್ತು. ಎರಡು ಮೂರು ವಾರದಲ್ಲಿ ಈ ಸುಳ್ಳು ಬಸುರು ಇಳಿಯುತ್ತದೆ, ಆಮೇಲೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಗರ್ಭಕೋಶದ ಕ್ಯಾನ್ಸರ್ ಭಯವೂ ತಪ್ಪುತ್ತದೆ ಅಂದರು. ಕೊನೆಗೆ, "ಬೆನ್ನಿನ ಮೇಲೆ ಈ ಊತ ಹೇಗಾಯಿತು?" ಎಂದು ಕೇಳಿದರು.

"ನಾನು ಹೊಡೆದೆ," ಅಂದ ರಾಜಶೇಖರ.

ಮೊಲ ಸಾಕಿರುವವರೇ, ನಿಮಗೇ ಹೇಳುತ್ತಿದ್ದೇವೆ. ಬಾಯಿಲ್ಲದ ಜೀವ ಅನ್ನುತ್ತೀರಿ. ಅದು ಕೂದಲು ಕಿತ್ತು ಹೇಳಿತು, ಕಾಲು ಬಡಿದು ಹೇಳಿತು, ಗುರುಗುಟ್ಟಿ ಹೇಳಿತು. ಕೇಳದವರು ನೀವು. ಕಡೆಗೆ ಹಲ್ಲಿನಿಂದ ಹೇಳಿದಾಗ ಹುಚ್ಚು ಅಂದಿರಿ! ಇನ್ನು ಮುಂದೆ ಪಂಜರದೊಳಗೆ ಕೈ ಹಾಕಬೇಡಿ, ಬಾಗಿಲು ತೆಗೆದು ಅದೇ ಹೊರಗೆ ಬರಲಿ. ಅದು ಆಚೆ ಓಡಾಡುವಾಗ ಪಂಜರ ಸ್ವಚ್ಛ ಮಾಡಿ. ಗೂಡು ಕಟ್ಟಿದರೆ ಮುಟ್ಟಬೇಡಿ. ಹೊಡೆಯಬೇಡಿ, ಹೊಡೆತದಿಂದ ಅದು ಕಲಿಯುವುದು ನಿಮಗೆ ಹೆದರುವುದನ್ನು ಮಾತ್ರ. ಸ್ವಭಾವ ದಿಢೀರನೆ ಬದಲಾದರೆ ವೈದ್ಯರಿಗೆ ತೋರಿಸಿ. ಬಿಟ್ಟು ಬಾ ಎಂದು ಮನೆಯ ಹಿರಿಯರೇ ಹೇಳಿದರೂ, ರಾಜಶೇಖರ ಕೊನೆಗೆ ಮಾಡಿದ್ದನ್ನು ಮಾಡಿ.

ಪಶುವೈದ್ಯೆಗೆ ತೋರಿಸಿ ಬಂದ ರಾತ್ರಿ ದಾವಣಗೆರೆಯಿಂದ ಅವನ ತಾಯಿ ವಿಡಿಯೊ ಕಾಲ್ ಮಾಡಿದರು. ಕಪಾಟಿನಲ್ಲಿ ಗೊಂಬೆ ಕಂಡು ಸಿಡಿದರು.

"ಏನೋ ಇದು? ಮೊಲಕ್ಕೋಸ್ಕರ ಪಟ್ಟದ ಗೊಂಬೆ ಎತ್ತಿದ್ರಾ? ಕಚ್ಚೋ ಪ್ರಾಣಿ ಮನೇಲಿ ಯಾಕೆ? ಮೊದ್ಲು ಅದನ್ನ ಆಚೆ ಹಾಕು!"

"ಇಲ್ಲಮ್ಮ."

"ನಾನು ಹೇಳ್ತಾ ಇದ್ದೀನಿ ಕಣೋ!"

"ಕೇಳಿಸ್ತಮ್ಮ. ಹಾಕಲ್ಲ."