ಅದಲುಬದಲಾದ ಬೂಟಿನ ಸಾಕ್ಷಿ

ನಮ್ಮದು ಬೂಟಿನ ಅಂಗಡಿ. ಒಂದು ಕಾಲು ಗಿಡ್ಡ, ಒಂದು ಉದ್ದ ಇರುವವರಿಗೆ ಅಳತೆ ನೋಡಿ ಹೊಲಿದು ಕೊಡುತ್ತೇವೆ. ಪುಸ್ತಕದಲ್ಲಿ ಅಳತೆ ಬರೆಯುವವನು ನಾನು. ಆ ಪುಟದ ಫೋಟೊ ತೆಗೆದು ಫೋನಿನಲ್ಲಿ ಬೀಗ ಹಾಕಿ ಇಡುವವಳು ನನ್ನ ಹೆಂಡತಿ.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ಬಂದರು. ಹೊಸ ಬೂಟೊಂದನ್ನು ಮೇಜಿನ ಮೇಲೆ ಕುಕ್ಕಿದರು.

"ಏನಮ್ಮಾ, ನನ್ನ ಕಾಲಿನ ವಿಷಯ ಹಿಂದಿನ ಬೀದಿ ಅಂಗಡಿಗೆ ಮಾರ್ಕೊಂಡ್ಯಾ? 'ಅಳತೆ ಕೊಡೋದೇ ಬೇಡ, ನಮ್ಮ ಹತ್ರ ಇದೆ' ಅಂತ ಫೋನ್ ಮಾಡಿದ್ರು. ಹಾಕ್ಕೊಂಡ್ರೆ ನಿಲ್ಲೋಕೇ ಆಗ್ತಿಲ್ಲ!"

"ಅಯ್ಯೋ ಮೇಷ್ಟ್ರೇ, ನಿಮ್ಮಿಂದ ಅನ್ನ ತಿನ್ನೋರು ನಾವು, ಹಾಗೆ ಮಾಡ್ತೀವಾ?" ಎಂದು ನನ್ನ ಹೆಂಡತಿ ಅತ್ತೇಬಿಟ್ಟಳು. ಆಗಲೇ ಹನ್ನೊಂದು ಗಿರಾಕಿಗಳು ಅತ್ತ ಹೋಗಿದ್ದರು. ಹೋದವರೆಲ್ಲ ನಮ್ಮನ್ನೇ ಕಳ್ಳರು ಅಂದುಕೊಂಡಿದ್ದರಲ್ಲ, ಅದು ನನ್ನ ಹೊಟ್ಟೆ ಉರಿಸಿತು.

"ಮಹಡಿ ಮನೆ ವಕೀಲಮ್ಮನ್ನ ಕೇಳೋಣ" ಎಂದಳು.

"ಸುಮ್ನಿರೇ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಕಾಲಿನ ಅಳತೆ ಏನು ಚಿನ್ನವಾ?"

ವಕೀಲಮ್ಮ ಮೆಟ್ಟಿಲಿಳಿಯುತ್ತಲೇ ಕೇಳಿಸಿಕೊಂಡರು. "ಚಿನ್ನ ಅಲ್ದಿದ್ರೆ ಅವ್ರು ಯಾಕಣ್ಣಾ ಕದೀತಿದ್ರು? ಅಳತೆ ಯಾರ್ಯಾರ ಕೈಗೆ ಸಿಗ್ತಿತ್ತು?"

"ನಮ್ಮಿಬ್ಬರಿಗೆ. ಆಮೇಲೆ, ಹೋದ ತಿಂಗಳು ಕೆಲಸ ಬಿಟ್ಟ ಹೊಲಿಗೆಯವನಿಗೆ. ಯಾರಿಗೂ ಕೊಡಲ್ಲ ಅಂತ ಅವನ ಕೈಲಿ ಬರೆಸ್ಕೊಂಡಿದೀನಿ" ಎಂದಳು ನನ್ನಾಕೆ. ಬರೆಸಿಕೊಂಡ ದಿನ ಅವಳನ್ನು ಗೇಲಿ ಮಾಡಿದ್ದವನು ನಾನೇ.

"ಒಳ್ಳೇದಾಯ್ತು. ಆದ್ರೆ 'ಅಳತೆ ನಾವೇ ತಗೊಂಡಿದ್ದು' ಅಂತ ಅವ್ರು ಸಾಧಿಸಿದ್ರೆ?"

ನಾನು ಬೂಟನ್ನು ತಿರುಗಿಸಿ ನೋಡಿದೆ. ಬಲಗಾಲಿನ ಬೂಟು, ಅದಕ್ಕೇ ದಪ್ಪ ಅಟ್ಟೆ! ಮೇಷ್ಟ್ರ ಗಿಡ್ಡ ಕಾಲು ಎಡದ್ದು. ನನಗೆ ನಗು ತಡೆಯಲಾಗಲಿಲ್ಲ. ಗಿರಾಕಿಯ ಎದುರು ಕೂತು ಬರೆಯುವಾಗ ನನ್ನ ಬಲಕ್ಕೆ ಕಂಡದ್ದನ್ನು ಬಲ ಎಂದೇ ಬರೆಯುವುದು ನನ್ನ ಕೆಟ್ಟ ಅಭ್ಯಾಸ. ನನ್ನವಳು ಬೈದುಕೊಂಡೇ ಎಡಬಲ ತಿರುಗಿಸಿ ಹೊಲಿಯುವವರಿಗೆ ಓದಿ ಹೇಳುತ್ತಾಳೆ.

"ಇದು ನನ್ನ ಪುಸ್ತಕದಲ್ಲಿರೋ ತಪ್ಪೇ ವಕೀಲಮ್ಮಾ! ಅವರೇ ಅಳತೆ ತೆಗೆದಿದ್ರೆ ಹೀಗಾಗ್ತಾನೇ ಇರ್ಲಿಲ್ಲ!"

"ಸಿಕ್ಕಿಬಿದ್ರು ನೋಡಿ. ಜಗಳಕ್ಕೆ ಹೋಗ್ಬೇಡಿ. ಬೂಟು, ಬಿಲ್ಲು, ನಿಮ್ಮ ಪುಸ್ತಕ ಜೋಪಾನವಾಗಿಡಿ, ಏನನ್ನೂ ತಿದ್ದಬೇಡಿ. ಮೊದಲು ನೋಟಿಸ್ ಕೊಡೋಣ: ಬಳಸೋದು ನಿಲ್ಲಿಸಿ, ನಕಲು ವಾಪಸ್ ಕೊಡಿ, ನಷ್ಟ ತುಂಬಿಕೊಡಿ ಅಂತ. ಕೊಟ್ಟವನನ್ನಷ್ಟೇ ಅಲ್ಲ, ಗೊತ್ತಿದ್ದೂ ಬಳಸ್ದವ್ರನ್ನೂ ಕೇಳ್ಬಹುದು."

ನೋಟಿಸಿಗೆ ಆ ಅಂಗಡಿಯವರು ಬಗ್ಗಲಿಲ್ಲ, ಕೋರ್ಟಿಗೇ ಹೋದೆವು. ಕೋರ್ಟು ಪುಸ್ತಕವನ್ನೂ ಬೂಟನ್ನೂ ನೋಡಿ, ಆ ಅಳತೆಗಳನ್ನು ಬಳಸಕೂಡದೆಂದು ತಡೆ ಕೊಟ್ಟಿತು. ಪರಿಹಾರದ ವಿಚಾರಣೆ ಇನ್ನೂ ನಡೆದಿದೆ, ನಡೆಯಲಿ. ನನ್ನಾಕೆ ಆದೇಶದ ಪ್ರತಿ ಹಿಡಿದು ಹನ್ನೊಂದು ಮನೆಗೂ ಹೋದಳು. ಮೇಷ್ಟ್ರು ಎರಡೆರಡು ಸಲ ಓದಿ, "ಮಗಳಂಥವಳ ಮೇಲೆ ಅನುಮಾನ ಪಟ್ಟೆನಲ್ಲಮ್ಮಾ" ಎಂದು ಕಣ್ಣೊರೆಸಿಕೊಂಡರು. ಆ ಮಾತಿಗಿಂತ ದೊಡ್ಡ ಪರಿಹಾರ ನನಗಂತೂ ಬೇಕಿಲ್ಲ.

ಅಂಗಡಿ ನಡೆಸುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗಿರಾಕಿಯ ಮಾಹಿತಿಗೆ ಬೀಗ ಹಾಕಿ. ಕೆಲಸದವರಿಂದ ಬರೆಸಿಕೊಳ್ಳಿ. ಸೋರಿದ್ದು ತಿಳಿದರೆ ನನ್ನ ಹಾಗೆ ಗಾದೆ ಹೇಳುತ್ತಾ ಕೂರದೆ ವಕೀಲರನ್ನು ಕಾಣಿ. ಜನ ಅದನ್ನು ಕೊಟ್ಟದ್ದು ನಿಮ್ಮನ್ನು ನಂಬಿ.